‘ದಿ ಕ್ರೂಸಿಬಲ್’: ಪಾತ್ರಗಳು, ಆಶಯ ಮತ್ತು ತಪ್ಪೊಪ್ಪಿಗೆಯ ಪ್ರಶ್ನೆ

ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ ಬರೆದ ‘ದಿ ಕ್ರೂಸಿಬಲ್’ ಮೊದಲ ಬಾರಿಗೆ ರಂಗಕ್ಕೇರಿದ್ದು 1953ರ ಜನವರಿ 22ರಂದು, ನ್ಯೂಯಾರ್ಕಿನ ಮಾರ್ಟಿನ್ ಬೆಕ್ ರಂಗಮಂದಿರದಲ್ಲಿ. 1692ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಸೇಲಂನಲ್ಲಿ ನಡೆದ ಮಾಟಗಾತಿಯರ ವಿಚಾರಣೆ ಇದರ ವಸ್ತು. ಊರಿಗೆ ಊರೇ ಹುಚ್ಚೆದ್ದ ಕಥೆಯೆಂದೋ, 1950ರ ದಶಕದ ಕಮ್ಯುನಿಸ್ಟ್ ಬೇಟೆಯನ್ನು ಹಳೆಯ ಪ್ರಸಂಗದ ಮರೆಯಲ್ಲಿ ಹೇಳಿದ ನಾಟಕವೆಂದೋ ಇದನ್ನು ಪರಿಚಯಿಸುವುದು ವಾಡಿಕೆ. ಎರಡೂ ಸುಳ್ಳಲ್ಲ. ಆದರೆ ನಾಲ್ಕು ಅಂಕಗಳನ್ನೂ ಹಿಡಿದು ನಿಲ್ಲಿಸಿರುವುದು ತಪ್ಪೊಪ್ಪಿಗೆಯ ಪ್ರಶ್ನೆ. ನಿಜವಾಗಿ ಒಂದು ಪಾಪ ಮಾಡಿ ಅದನ್ನು ಮುಚ್ಚಿಟ್ಟುಕೊಂಡಿರುವ ಮನುಷ್ಯನನ್ನು ನ್ಯಾಯಾಲಯ ಹಿಡಿದು, ಮಾಡದ ಪಾಪವೊಂದನ್ನು ಒಪ್ಪಿಕೊ ಎನ್ನುತ್ತದೆ. ಒಪ್ಪಿದರೆ ಜೀವ ಉಳಿಯುತ್ತದೆ, ಒಪ್ಪದಿದ್ದರೆ ನೇಣು. ಈ ವ್ಯವಹಾರಕ್ಕೆ ಯಾರು ಹೇಗೆ ಸ್ಪಂದಿಸುತ್ತಾರೆ ಎಂಬುದರಲ್ಲೇ ನಾಟಕದ ಪ್ರತಿಯೊಂದು ಪಾತ್ರದ ಗುಣ ಬಯಲಾಗುತ್ತದೆ.

ಈ ವ್ಯವಹಾರ ಮಿಲ್ಲರ್‌ನ ಕಲ್ಪನೆಯಲ್ಲ, ಚರಿತ್ರೆಯದೇ. 1692ರ ಚಳಿಗಾಲದಲ್ಲಿ ಸೇಲಂ ಹಳ್ಳಿಯ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್‌ನ ಒಂಬತ್ತು ವರ್ಷದ ಮಗಳು ಬೆಟ್ಟಿ ಮತ್ತು ಅದೇ ಮನೆಯಲ್ಲಿದ್ದ ಹುಡುಗಿ ಅಬಿಗೇಲ್ ವಿಲಿಯಮ್ಸ್ ವಿಚಿತ್ರವಾಗಿ ನರಳತೊಡಗಿದರು. ಊರಿನ ಇತರ ಹುಡುಗಿಯರಿಗೂ ಅದು ಹಬ್ಬಿತು. ಮಾಟ ಮಾಡಿದವರು ಯಾರೆಂದು ಹಿರಿಯರು ಒತ್ತಾಯಿಸಿ ಕೇಳಿದಾಗ ಹೆಸರುಗಳು ಹೊರಬಂದವು. ಮೇ ತಿಂಗಳಲ್ಲಿ ಗವರ್ನರ್ ವಿಲಿಯಂ ಫಿಪ್ಸ್ ವಿಶೇಷ ನ್ಯಾಯಾಲಯ ನೇಮಿಸಿದ. ಜೂನ್ 10ರಂದು ಬ್ರಿಜೆಟ್ ಬಿಷಪ್ ಎಂಬ ಹೆಂಗಸಿಗೆ ಮೊದಲ ನೇಣಾಯಿತು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ 14 ಹೆಂಗಸರು, 5 ಗಂಡಸರು, ಒಟ್ಟು 19 ಮಂದಿ ನೇಣಿಗೇರಿದ್ದರು. ಮುದುಕ ಗೈಲ್ಸ್ ಕೋರಿ ಎದೆಯ ಮೇಲೆ ಕಲ್ಲು ಹೇರಿಸಿಕೊಂಡು ಸತ್ತ. ಸೆರೆಮನೆಯಲ್ಲೇ ಪ್ರಾಣ ಬಿಟ್ಟವರು ಕನಿಷ್ಠ ಐವರು. ಆರೋಪಿಯ ಪ್ರೇತರೂಪ ಬಂದು ತಮ್ಮನ್ನು ಹಿಂಸಿಸಿತು ಎಂದು ಹುಡುಗಿಯರು ಹೇಳಿದ್ದನ್ನೇ ನ್ಯಾಯಾಲಯ ಸಾಕ್ಷ್ಯವಾಗಿ ಪಡೆಯಿತು. ಎಲ್ಲಕ್ಕಿಂತ ಎದೆ ನಡುಗಿಸುವ ಸಂಗತಿಯೆಂದರೆ, ಮಾಟ ಮಾಡಿದ್ದು ನಿಜವೆಂದು ಒಪ್ಪಿಕೊಂಡು ಆ ಮಾತಿಗೆ ಅಂಟಿಕೊಂಡವರಲ್ಲಿ ಒಬ್ಬರೂ ನೇಣಿಗೇರಲಿಲ್ಲ. ಸತ್ತವರು, ಸುಳ್ಳು ಹೇಳಲಾರೆವೆಂದು ನಿಂತವರು.

ಮಿಲ್ಲರ್ 1952ರಲ್ಲಿ ಸೇಲಂಗೆ ಹೋಗಿ ವಿಚಾರಣೆಯ ಕಡತಗಳನ್ನು ಓದಿದ. ಪಾತ್ರಗಳ ಹೆಸರುಗಳನ್ನು ಅಲ್ಲಿಂದಲೇ ತಂದ, ಆದರೆ ಕಥೆಗೆ ಬೇಕಾದಂತೆ ಚರಿತ್ರೆಯನ್ನು ತಿದ್ದಿದ. ಚರಿತ್ರೆಯ ಅಬಿಗೇಲ್‌ಗೆ ಸುಮಾರು 11 ವರ್ಷ, ಜಾನ್ ಪ್ರಾಕ್ಟರ್‌ಗೆ 60ರ ಆಸುಪಾಸು. ಅವರಿಬ್ಬರ ನಡುವೆ ಸಂಬಂಧವಿತ್ತೆಂಬುದಕ್ಕೆ ಆಧಾರವಿಲ್ಲ. ನಾಟಕದಲ್ಲಿ ಅವಳಿಗೆ 17, ಅವನು 30 ದಾಟಿದ ರೈತ. ಅವಳು ಅವನ ಮನೆಯಲ್ಲಿ ಕೆಲಸಕ್ಕಿದ್ದಾಗ ಸಂಬಂಧ ಬೆಳೆದು, ಹೆಂಡತಿ ಎಲಿಜಬೆತ್‌ಗೆ ತಿಳಿದು, ಹುಡುಗಿಯನ್ನು ಹೊರಹಾಕಿಯಾಗಿದೆ. ಎಲಿಜಬೆತ್‌ಳನ್ನು ಹೊಡೆಯಲು ಅಬಿಗೇಲ್ ಎತ್ತಿದ ಕೈ, ಮುಟ್ಟುವ ಹೊತ್ತಿಗೆ ಹಗುರಾಗಿ ಇಳಿಯಿತೆಂಬ ವಿವರವೊಂದು ಕಡತದಲ್ಲಿದೆ. ಆ ಒಂದು ಚಲನೆಯಿಂದ ತನಗೆ ಕಥೆ ಹೊಳೆಯಿತೆಂದು ಮಿಲ್ಲರ್ ಮುಂದೆ ಬರೆದುಕೊಂಡಿದ್ದಾನೆ.

ನಾಟಕ ಬರೆದ ಕಾಲವೂ ವಿಚಾರಣೆಗಳ ಕಾಲವೇ. ಅಮೆರಿಕದ ಕೆಳಮನೆಯ ಸಮಿತಿಯೊಂದು ಕಲಾವಿದರನ್ನೂ ಬರಹಗಾರರನ್ನೂ ಕರೆಸಿ, ಕಮ್ಯುನಿಸ್ಟರೊಂದಿಗೆ ನಂಟಿತ್ತೆಂದು ಒಪ್ಪಿಸುತ್ತಿತ್ತು, ಜೊತೆಗಿದ್ದವರ ಹೆಸರು ಕೇಳುತ್ತಿತ್ತು. ಮೇಲ್ಮನೆಯಲ್ಲಿ ಜೋಸೆಫ್ ಮೆಕಾರ್ಥಿ 1950ರಿಂದ ಇದೇ ಭಯವನ್ನು ಬಿತ್ತುತ್ತಿದ್ದ. ಮಿಲ್ಲರ್‌ನ ಆಪ್ತ ಗೆಳೆಯ, ಅವನ ನಾಟಕಗಳ ನಿರ್ದೇಶಕ ಎಲಿಯಾ ಕಜಾನ್ 1952ರ ಏಪ್ರಿಲ್‌ನಲ್ಲಿ ಸಮಿತಿಯ ಮುಂದೆ ಹಳೆಯ ಸಂಗಾತಿಗಳ ಹೆಸರು ಹೇಳಿದ. ಸಮಿತಿ ಕೇಳುತ್ತಿದ್ದ ಹೆಸರುಗಳಲ್ಲಿ ಬಹುಪಾಲು ಅದಕ್ಕೆ ಮೊದಲೇ ಗೊತ್ತಿರುತ್ತಿದ್ದವು. ಬೇಕಾಗಿದ್ದುದು ಮಾಹಿತಿಯಲ್ಲ, ಸಾರ್ವಜನಿಕವಾಗಿ ಬಾಗುವ ವಿಧಿ. ಸೇಲಂನ ಕಡತಗಳಲ್ಲಿ ಮಿಲ್ಲರ್ ಗುರುತಿಸಿದ್ದೂ ಇದನ್ನೇ.

ನಾಟಕ ಪ್ಯಾರಿಸ್ ಪಾದ್ರಿಯ ಮನೆಯ ಮಹಡಿಯ ಕೋಣೆಯಲ್ಲಿ ತೆರೆದುಕೊಳ್ಳುತ್ತದೆ. ಹಿಂದಿನ ರಾತ್ರಿ ಕಾಡಿನಲ್ಲಿ ಹುಡುಗಿಯರು ಕುಣಿಯುತ್ತಿದ್ದುದನ್ನು ಅವನು ಕಂಡಿದ್ದಾನೆ. ಮಗಳು ಬೆಟ್ಟಿ ಮಂಚದಲ್ಲಿ ಕದಲದೆ ಬಿದ್ದಿದ್ದಾಳೆ. ಶಿಕ್ಷೆಯ ಭಯದಿಂದ ಹುಡುಗಿಯರು ಮಾಟದ ಮಾತಿಗೆ ತಿರುಗುತ್ತಾರೆ. ಎರಡನೆಯ ಅಂಕ ಎಂಟು ದಿನಗಳ ನಂತರ, ಪ್ರಾಕ್ಟರ್‌ನ ಮನೆಯಲ್ಲಿ. ಅಬಿಗೇಲ್ ಹೂಡಿದ ಸಂಚಿನಲ್ಲಿ ಬಟ್ಟೆಯ ಗೊಂಬೆಯೊಂದು ಸಾಕ್ಷಿಯಾಗಿ ಎಲಿಜಬೆತ್ ಬಂಧನವಾಗುತ್ತದೆ. ಮೂರನೆಯ ಅಂಕದಲ್ಲಿ ಪ್ರಾಕ್ಟರ್ ನ್ಯಾಯಾಲಯಕ್ಕೆ ಬಂದು ಹುಡುಗಿಯರ ಸುಳ್ಳನ್ನು ಬಯಲು ಮಾಡಲು ಹೋಗಿ ತಾನೇ ಸಿಕ್ಕಿಬೀಳುತ್ತಾನೆ. ಕೊನೆಯ ಅಂಕ ಸೆರೆಮನೆಯಲ್ಲಿ. ಆ ಬೆಳಗ್ಗೆ ಅವನಿಗೆ ನೇಣು.

ಜಾನ್ ಪ್ರಾಕ್ಟರ್ ನೆಟ್ಟಗೆ ಮಾತಾಡುವ, ಕಪಟ ಕಂಡರೆ ಸಿಡುಕುವ ಒಕ್ಕಲಿಗ. ಪಾದ್ರಿಗೆ ದೇವರಿಗಿಂತ ಚಿನ್ನದ ದೀಪಸ್ತಂಭದ ಮೇಲೆ ಹೆಚ್ಚು ಮನಸ್ಸೆಂದು ಬೇಸತ್ತು ಪ್ರಾರ್ಥನೆಗೆ ಹೋಗುವುದನ್ನೇ ಕಡಿಮೆ ಮಾಡಿದವನು. ಬೇರೆಯವರ ಸೋಗನ್ನು ಹೀಗೆ ತೂಗುವವನು ತನ್ನ ಸೋಗನ್ನು ಹೊತ್ತೇ ತಿರುಗುತ್ತಾನೆ. ಎರಡನೆಯ ಅಂಕದ ಆರಂಭವನ್ನು ನೋಡಬೇಕು. ಹೊಲದಿಂದ ಬಂದವನು ಒಲೆಯ ಮೇಲಿನ ಪಾತ್ರೆಯಿಂದ ಸಾರು ರುಚಿ ನೋಡುತ್ತಾನೆ, ಸಪ್ಪೆ ಎನಿಸಿ ಚಿಟಿಕೆ ಉಪ್ಪು ಹಾಕುತ್ತಾನೆ. ಹೆಂಡತಿ ಬಂದು ಬಡಿಸಿದಾಗ, ಹದವಾಗಿದೆ ಎಂದು ಹೊಗಳುತ್ತಾನೆ. ಅವಳಿಗೆ ಸಂತೋಷವಾಗುತ್ತದೆ. ಅಬಿಗೇಲ್ ಹೊರಹೋದ ಏಳು ತಿಂಗಳಿಂದ ಈ ಮನೆಯಲ್ಲಿ ನಡೆದುಬಂದಿರುವುದು ಏನೆಂದು ಆ ಒಂದು ಕ್ಷಣ ಹೇಳಿಬಿಡುತ್ತದೆ: ಗಂಡ ಮೆಚ್ಚಿಸಲು ಹೆಣಗುತ್ತಿದ್ದಾನೆ, ಹೆಂಡತಿ ನಂಬಲು ಹೆಣಗುತ್ತಿದ್ದಾಳೆ, ಇಬ್ಬರ ನಡುವಿನ ಮಾತಿಗೆ ಉಪ್ಪಿಲ್ಲ. ಅದೇ ಅಂಕದಲ್ಲಿ ನ್ಯಾಯಾಲಯದ ಕಡೆಯ ಪಾದ್ರಿ ರೆವರೆಂಡ್ ಹೇಲ್ ಬಂದು ಬೈಬಲ್ಲಿನ ಹತ್ತು ಆಜ್ಞೆಗಳನ್ನು ಹೇಳಿಸಿದಾಗ ಪ್ರಾಕ್ಟರ್ ಒಂಬತ್ತನ್ನು ಹೇಳಿ ತಡವರಿಸುತ್ತಾನೆ. ಮರೆತದ್ದು ಹಾದರದ ಆಜ್ಞೆ. ಎಲಿಜಬೆತ್ ಅದನ್ನು ಮೆಲ್ಲಗೆ ನೆನಪಿಸುತ್ತಾಳೆ.

ಅವನ ದುರಂತ ಬೆಳೆಯುವುದು ಎರಡು ತಪ್ಪೊಪ್ಪಿಗೆಗಳ ಮೂಲಕ. ಮೂರನೆಯ ಅಂಕದಲ್ಲಿ ಅಬಿಗೇಲ್‌ಳ ಉದ್ದೇಶವೇನೆಂದು ತೋರಿಸಲು ಬೇರೆ ದಾರಿ ಕಾಣದೆ, ತುಂಬಿದ ಸಭೆಯಲ್ಲಿ ತನ್ನ ಹಾದರವನ್ನು ತಾನೇ ಹೇಳಿಕೊಳ್ಳುತ್ತಾನೆ. ಆ ಮಾತು ನಿಜ, ನ್ಯಾಯಾಲಯ ನಂಬುವುದಿಲ್ಲ. ನಾಲ್ಕನೆಯ ಅಂಕದಲ್ಲಿ ಬದುಕುವ ಆಸೆಯಿಂದ ಮಾಟ ಮಾಡಿದ್ದೇನೆಂದು ಹೇಳುತ್ತಾನೆ. ಅದು ಸುಳ್ಳು, ನ್ಯಾಯಾಲಯ ತಕ್ಷಣ ಬರೆದುಕೊಳ್ಳುತ್ತದೆ. ನಾಟಕದ ವಾಸ್ತುವೆಲ್ಲ ಈ ಎದುರುಬದುರಿನ ಮೇಲೆ ನಿಂತಿದೆ.

ಅವನು ಸಾವಿನ ಕಡೆಗೆ ಹೋಗುವ ಕೊನೆಯ ಹಂತಗಳನ್ನು ಮಿಲ್ಲರ್ ಸಾವಧಾನವಾಗಿ ಬಿಡಿಸುತ್ತಾನೆ. ಮೊದಲು ಬಾಯಿಮಾತಿನ ಒಪ್ಪಿಗೆ. ಆಮೇಲೆ ಇತರರ ಹೆಸರು ಕೇಳುತ್ತಾರೆ. ನನ್ನ ಪಾಪವನ್ನಷ್ಟೇ ಹೇಳಬಲ್ಲೆ ಎಂದು ಅದಕ್ಕೆ ಬಗ್ಗುವುದಿಲ್ಲ. ಆಮೇಲೆ ಸಹಿ, ಹಿಂದುಮುಂದು ನೋಡಿ ಹಾಕುತ್ತಾನೆ. ಚರ್ಚಿನ ಬಾಗಿಲಿಗೆ ಹೊಡೆಯಲಿರುವ ಆ ಕಾಗದವನ್ನು ತೆಗೆದುಕೊಳ್ಳಲು ಬಂದಾಗ ಮಾತ್ರ ಅದನ್ನು ಕಸಿದುಕೊಳ್ಳುತ್ತಾನೆ. ಅವನ ಒಪ್ಪಿಗೆಯನ್ನು ಕಂಡ ಸಾಕ್ಷಿಗಳು ಅಲ್ಲೇ ಇದ್ದಾರೆ. ಹಾಗಾದರೆ ಕಾಗದ ಯಾಕೆ? ಯಾಕೆಂದರೆ ಅದೇ ದಿನ ಸಾಯಲಿರುವ ಗೆಳೆಯರ ವಿರುದ್ಧ ಊರಿಗೆ ತೋರಿಸಲು ಒಂದು ಮರ್ಯಾದಸ್ಥ ಹೆಸರು ಬೇಕು. ತನ್ನ ಹೆಸರನ್ನು ಬೇರೆಯವರ ಕುತ್ತಿಗೆಗೆ ಹಗ್ಗವಾಗಿಸಲು ಒಪ್ಪದೆ ಅವನು ಕಾಗದ ಹರಿಯುತ್ತಾನೆ. ಇದನ್ನು ಬರಿಯ ಸ್ವಾಭಿಮಾನವೆಂದು ಓದಿದರೆ ಅರ್ಧವೇ ದಕ್ಕುತ್ತದೆ. ಮೂರನೆಯ ಅಂಕದಲ್ಲೇ ಇದರ ಬೀಜವಿದೆ: ಹೆಂಡತಿ ಬಸುರಿ, ಅವಳ ಜೀವಕ್ಕೆ ಸದ್ಯಕ್ಕೆ ಭಯವಿಲ್ಲ, ದೂರನ್ನು ಕೈಬಿಡುತ್ತೀಯಾ ಎಂದು ನ್ಯಾಯಾಧೀಶ ಕೇಳಿದಾಗ, ಗೆಳೆಯರ ಹೆಂಡತಿಯರೂ ಸೆರೆಯಲ್ಲಿದ್ದಾರೆಂದು ಪ್ರಾಕ್ಟರ್ ಹಿಂದೆ ಸರಿಯುವುದಿಲ್ಲ.

ಎಲಿಜಬೆತ್ ಪ್ರಾಕ್ಟರ್ ಈ ನಾಟಕದ ಅತ್ಯಂತ ಸೂಕ್ಷ್ಮವಾದ ಪಾತ್ರ. ಮೇಲ್ನೋಟಕ್ಕೆ ತಣ್ಣಗಿನ, ಕ್ಷಮಿಸಲಾರದ ಹೆಂಡತಿ. ಸುಳ್ಳು ಹೇಳಿ ಗೊತ್ತಿಲ್ಲದವಳೆಂಬುದು ಅವಳ ಕೀರ್ತಿ. ಆ ಕೀರ್ತಿಯೇ ಗಂಡನಿಗೆ ಕುತ್ತಾಗುತ್ತದೆ. ಹಾದರದ ಮಾತು ನಿಜವೋ ಎಂದು ತಿಳಿಯಲು ನ್ಯಾಯಾಧೀಶ ಅವಳನ್ನು ಸೆರೆಯಿಂದ ಕರೆಸುತ್ತಾನೆ. ಪ್ರಾಕ್ಟರ್ ಮತ್ತು ಅಬಿಗೇಲ್ ಅವಳಿಗೆ ಬೆನ್ನು ಮಾಡಿ ನಿಂತಿರಬೇಕೆಂದು ಆಜ್ಞೆ. ಅವಳು ಗಂಡನ ಬೆನ್ನನ್ನಷ್ಟೇ ಕಾಣುತ್ತಾಳೆ. ಅವನು ಆಗಲೇ ಒಪ್ಪಿಕೊಂಡಿದ್ದಾನೆಂಬುದು ಅವಳಿಗೆ ತಿಳಿಯದು. ಅವನ ಮಾನ ಕಾಯಲು, ಬದುಕಿನಲ್ಲಿ ಮೊದಲ ಬಾರಿಗೆ, ಇಲ್ಲ ಎನ್ನುತ್ತಾಳೆ. ಆ ಒಂದು ಮಾತಿನಿಂದ ಗಂಡ ಸುಳ್ಳುಗಾರನಾಗುತ್ತಾನೆ, ಅಬಿಗೇಲ್ ಗೆಲ್ಲುತ್ತಾಳೆ. ಸತ್ಯವಂತೆಯ ಪ್ರೀತಿ ಸುಳ್ಳಿನ ರೂಪದಲ್ಲಿ ಬರುವುದು, ಆ ಸುಳ್ಳೇ ಕೊಲ್ಲುವುದು: ಇಪ್ಪತ್ತನೆಯ ಶತಮಾನದ ರಂಗಭೂಮಿಯಲ್ಲಿ ಇಷ್ಟು ಬಿಗಿಯಾಗಿ ಕಟ್ಟಿದ ದೃಶ್ಯಗಳು ಹೆಚ್ಚಿಲ್ಲ. ಕೊನೆಯ ಅಂಕದಲ್ಲಿ ಅವಳದೂ ಒಂದು ತಪ್ಪೊಪ್ಪಿಗೆಯಿದೆ. ತಾನು ಚೆಲುವೆಯಲ್ಲವೆಂಬ ಅಳುಕಿನಿಂದ ಪ್ರೀತಿಯನ್ನು ತೋರಲಾರದೆ ಹೋದೆ, ಮನೆಯನ್ನು ತಣ್ಣಗಾಗಿಸಿದವಳು ತಾನೇ ಎಂದು ಗಂಡನೆದುರು ಹೇಳಿಕೊಳ್ಳುತ್ತಾಳೆ. ಯಾವ ನ್ಯಾಯಾಲಯವೂ ಕೇಳದೆ, ಯಾರ ಬಲವಂತವೂ ಇಲ್ಲದೆ ಬರುವ ಮಾತು ಅದು. ಸಾಯಬೇಡವೆಂದೂ ಅವಳು ಬೇಡುವುದಿಲ್ಲ, ಸಾಯಿ ಎಂದೂ ಹೇಳುವುದಿಲ್ಲ. ತೀರ್ಪನ್ನು ಅವನಿಗೇ ಬಿಡುತ್ತಾಳೆ.

ಅಬಿಗೇಲ್ ವಿಲಿಯಮ್ಸ್ ಕಥೆಯನ್ನು ಓಡಿಸುವ ಶಕ್ತಿ. ಪ್ರಾಕ್ಟರ್ ತನ್ನವನೆಂದೇ ನಂಬಿದವಳು. ಎಲಿಜಬೆತ್ ಇಲ್ಲವಾದರೆ ಆ ಜಾಗ ತನಗೆಂದು ಲೆಕ್ಕ ಹಾಕಿದವಳು. ತಂದೆತಾಯಿಯರ ಕೊಲೆಯನ್ನು ಕಣ್ಣಾರೆ ಕಂಡ ಅನಾಥೆ. ಮಾತೆತ್ತಲು ಅಧಿಕಾರವಿಲ್ಲದ ಹುಡುಗಿಯ ಬೆರಳಿಗೆ ಏಕಾಏಕಿ ಊರ ಹಿರಿಯರು ನಡುಗುವಂತಾಗುತ್ತದೆ. ಆ ಅಧಿಕಾರದ ರುಚಿ ಅವಳಿಗೂ ಅವಳ ಸಂಗಡಿಗರಿಗೂ ಹತ್ತುವುದನ್ನು ನಾಟಕ ಚೆನ್ನಾಗಿ ತೋರಿಸುತ್ತದೆ. ಆದರೆ ಅವಳ ಒಳಗನ್ನು ತೋರಿಸುವುದರಲ್ಲಿ ಮಿಲ್ಲರ್ ಜಿಪುಣನಾಗಿದ್ದಾನೆ. 17ರ ಕೆಲಸದ ಹುಡುಗಿ ಮತ್ತು ಮನೆಯ ಯಜಮಾನನ ನಡುವಿನ ಸಂಬಂಧದಲ್ಲಿ ಯಾರ ಕೈ ಮೇಲಿತ್ತು ಎಂಬ ಪ್ರಶ್ನೆಯನ್ನು ನಾಟಕ ಕೇಳುವುದೇ ಇಲ್ಲ; ಅವಳನ್ನು ಮೋಹಿನಿಯಾಗಿ, ಅವನನ್ನು ಜಾರಿದವನಾಗಿ ಕಾಣುತ್ತದೆ. ಸ್ತ್ರೀವಾದಿ ವಿಮರ್ಶೆ ಎತ್ತಿರುವ ಈ ಆಕ್ಷೇಪ ನ್ಯಾಯವಾದದ್ದು. ಕಿಂಬರ್ಲಿ ಬೆಲ್‌ಫ್ಲವರ್ ಬರೆದ, 2025ರಲ್ಲಿ ಬ್ರಾಡ್‌ವೇಗೆ ಬಂದ ‘ಜಾನ್ ಪ್ರಾಕ್ಟರ್ ಈಸ್ ದಿ ವಿಲನ್’ ಹುಟ್ಟಿದ್ದೂ ಇದೇ ತಕರಾರಿನಿಂದ.

ಪ್ರಾಕ್ಟರ್ ಮನೆಯ ಕೆಲಸದವಳು ಮೇರಿ ವಾರೆನ್ ಅಬಿಗೇಲ್‌ಳಷ್ಟು ಗಟ್ಟಿಯಲ್ಲ. ಸುಳ್ಳೆಂದು ಒಪ್ಪಿಕೊಳ್ಳಲು ನ್ಯಾಯಾಲಯಕ್ಕೆ ಬರುತ್ತಾಳೆ. ಮೊದಲಿನಂತೆ ಮೂರ್ಛೆ ಹೋಗಿ ತೋರಿಸು ಎಂದರೆ ಅವಳಿಂದಾಗುವುದಿಲ್ಲ. ಗುಂಪಿಲ್ಲದೆ ಸನ್ನಿ ಬರುವುದಿಲ್ಲ. ಹುಡುಗಿಯರೆಲ್ಲ ಸೂರಿನಲ್ಲಿ ಹಳದಿ ಹಕ್ಕಿಯನ್ನು ಕಂಡವರಂತೆ ಚೀರಿ, ಅವಳ ಮಾತನ್ನೇ ತಿರುಗಿ ನುಡಿಯತೊಡಗಿದಾಗ ಕುಸಿದು, ಪ್ರಾಕ್ಟರನೇ ಸೈತಾನನ ಆಳು ಎಂದು ಬೊಟ್ಟು ಮಾಡಿ ಅಬಿಗೇಲ್‌ಳ ತೋಳಿಗೆ ಮರಳುತ್ತಾಳೆ. ದುರ್ಬಲರು ಸತ್ಯ ಹೇಳಬೇಕಾದರೆ ಅವರಿಗೆ ಎಷ್ಟು ಆಸರೆ ಬೇಕು, ಈ ನ್ಯಾಯಾಲಯದಲ್ಲಿ ಅದೆಷ್ಟು ಇಲ್ಲ ಎಂಬುದಕ್ಕೆ ಮೇರಿ ಸಾಕ್ಷಿ.

ಮೊದಲ ತಪ್ಪೊಪ್ಪಿಗೆ ಬರುವುದು ಬಾರ್ಬಡೋಸ್‌ನಿಂದ ತಂದ ಗುಲಾಮ ಹೆಂಗಸು ಟಿಟೂಬಾಳ ಬಾಯಿಂದ. ಮೊದಲ ಅಂಕದ ಕೊನೆಯಲ್ಲಿ ಚಾಟಿಯ, ನೇಣಿನ ಬೆದರಿಕೆ ಹಾಕಿ ಅವಳನ್ನು ಕೇಳುತ್ತಾರೆ. ಸೈತಾನನ ಜೊತೆ ಸಾರಾ ಗುಡ್ ಇದ್ದಳೇ, ಆಸ್ಬರ್ನ್ ಇದ್ದಳೇ ಎಂದು ಹೆಸರುಗಳನ್ನು ಮೊದಲು ಉಚ್ಚರಿಸುವವನು ಜಮೀನ್ದಾರ ಪುಟ್ನಂ. ಸ್ವಲ್ಪ ಹೊತ್ತಿನ ಮೇಲೆ ಅದೇ ಹೆಸರುಗಳು ಟಿಟೂಬಾಳಿಂದ ಹೊರಬರುತ್ತವೆ. ಸಾಕ್ಷ್ಯ ಹೇಗೆ ತಯಾರಾಗುತ್ತದೆ ಎಂಬುದನ್ನು ಇದಕ್ಕಿಂತ ಹತ್ತಿರದಿಂದ ತೋರಿಸುವುದು ಕಷ್ಟ. ಸೈತಾನನು ಪ್ಯಾರಿಸ್‌ನನ್ನು ಕೊಲ್ಲು ಎಂದನೆಂದು ಅವಳು ಹೇಳುವಾಗ, ಯಜಮಾನನ ಮೇಲಿನ ಅವಳ ಸಿಟ್ಟು ಆ ಕಟ್ಟುಕಥೆಯ ಒಳಗಿಂದಲೇ ನಿಜವಾಗಿ ಹೊಮ್ಮುತ್ತದೆ. ಇಷ್ಟು ಶಕ್ತಿಯಿಂದ ತೊಡಗಿದ ಪಾತ್ರವನ್ನು ನಾಟಕ ಮುಂದೆ ಬಹುಮಟ್ಟಿಗೆ ಕೈಬಿಡುತ್ತದೆ. ನಾಲ್ಕನೆಯ ಅಂಕದ ಆರಂಭದಲ್ಲೊಮ್ಮೆ ಸುಳಿದು ಮರೆಯಾಗುತ್ತಾಳೆ. ಮರೀಸ್ ಕೊಂಡೆ 1986ರಲ್ಲಿ ಫ್ರೆಂಚಿನಲ್ಲಿ ಬರೆದ ಕಾದಂಬರಿ ಟಿಟೂಬಾಳನ್ನೇ ನಡುವೆ ಇಟ್ಟುಕೊಂಡಿತು.

ನ್ಯಾಯಾಲಯದ ಕಡೆಯವರಲ್ಲಿ ಬದಲಾಗುವವನು ರೆವರೆಂಡ್ ಜಾನ್ ಹೇಲ್ ಒಬ್ಬನೇ. ಮೊದಲ ಅಂಕದಲ್ಲಿ ಸೈತಾನನ ವಿದ್ಯೆಯ ದಪ್ಪ ದಪ್ಪ ಪುಸ್ತಕಗಳನ್ನು ಹೊತ್ತು, ಒಳ್ಳೆಯದು ಮಾಡುತ್ತೇನೆಂಬ ಭರವಸೆಯಿಂದ ಬರುತ್ತಾನೆ. ಮೂರನೆಯದರ ಕೊನೆಗೆ ನ್ಯಾಯಾಲಯವನ್ನು ಧಿಕ್ಕರಿಸಿ ಹೊರನಡೆಯುತ್ತಾನೆ. ನಾಲ್ಕನೆಯದರಲ್ಲಿ ಮರಳಿ, ಸುಳ್ಳು ಹೇಳಿಯಾದರೂ ಜೀವ ಉಳಿಸಿಕೊಳ್ಳಿ ಎಂದು ಕೈದಿಗಳಲ್ಲಿ ಅಂಗಲಾಚುತ್ತಾನೆ. ಅವನ ಪಶ್ಚಾತ್ತಾಪ ಪ್ರಾಮಾಣಿಕ, ಅವನ ಸಲಹೆ ಕರುಣೆಯದು. ಆದರೂ ಆ ಸಲಹೆ ನ್ಯಾಯಾಲಯದ ಕೆಲಸವನ್ನೇ ಮಾಡುತ್ತದೆ. ಚರಿತ್ರೆಯ ಹೇಲ್ ಕೂಡ ಮೊದಲು ವಿಚಾರಣೆಯನ್ನು ಬೆಂಬಲಿಸಿ, ಸ್ವಂತ ಹೆಂಡತಿಯ ಮೇಲೆ ಆರೋಪ ಬಂದಾಗ ಮನಸ್ಸು ಬದಲಿಸಿದವನು. ಈ ತಪ್ಪುಗಳ ಬಗ್ಗೆ ಅವನು ಬರೆದ ಪುಸ್ತಕ 1702ರಲ್ಲಿ ಪ್ರಕಟವಾಯಿತು.

ನ್ಯಾಯಾಧೀಶನಾಗಿ ಕೂತ ಡೆಪ್ಯುಟಿ ಗವರ್ನರ್ ಡ್ಯಾನ್‌ಫೋರ್ತ್ ಲಂಚಕೋರನಲ್ಲ, ಕ್ರೂರಿಯೂ ಅಲ್ಲ. ಕಾನೂನನ್ನು ನಂಬಿದ, ಬುದ್ಧಿವಂತ, ಸಂಯಮದ ಮನುಷ್ಯ. ಅವನ ತರ್ಕ ಹೀಗಿದೆ: ಮಾಟ ಕಣ್ಣಿಗೆ ಕಾಣದ ಅಪರಾಧ, ಅದನ್ನು ಬಲ್ಲವರು ಮಾಡಿದವಳು ಮತ್ತು ಅನುಭವಿಸಿದವಳು ಮಾತ್ರ, ಮಾಡಿದವಳು ತಾನಾಗಿ ಒಪ್ಪಳು, ಆದ್ದರಿಂದ ಅನುಭವಿಸಿದವಳ ಮಾತೇ ಪ್ರಮಾಣ. ಮೊದಲ ಮೆಟ್ಟಿಲನ್ನು ಒಪ್ಪಿದವರು ಕೊನೆಯ ಮೆಟ್ಟಿಲಿನವರೆಗೆ ಇಳಿಯಲೇಬೇಕು. ರೆಬೆಕಾ ನರ್ಸ್, ಎಲಿಜಬೆತ್, ಮಾರ್ತಾ ಕೋರಿ ಒಳ್ಳೆಯವರೆಂದು 91 ಮಂದಿ ಸಹಿ ಹಾಕಿದ ಮನವಿಯನ್ನು ಅವನ ಮುಂದಿಡುತ್ತಾರೆ. ಆ 91 ಮಂದಿಯನ್ನೂ ವಿಚಾರಣೆಗೆ ಕರೆಸಲು ಅವನು ಆಜ್ಞೆ ಮಾಡುತ್ತಾನೆ. ಒಳ್ಳೆಯ ಮಾತು ಹೇಳಿದ್ದೇ ಶಂಕೆಗೆ ಆಧಾರ! ಕೊನೆಯ ಅಂಕದಲ್ಲಿ ಅಬಿಗೇಲ್ ಪ್ಯಾರಿಸ್‌ನ ಹಣ ಕದ್ದು ಓಡಿಹೋಗಿರುವುದು ತಿಳಿದ ಮೇಲೂ ನೇಣನ್ನು ಮುಂದೂಡುವುದಿಲ್ಲ; ಇದೇ ಆರೋಪದ ಮೇಲೆ ಆಗಲೇ ಸತ್ತವರಿದ್ದಾರೆ, ಈಗ ಕ್ಷಮೆ ನೀಡಿದರೆ ಅವರ ಸಾವು ತಪ್ಪಾಗುತ್ತದೆ ಎಂಬುದು ಅವನ ವಾದ. ಸಂಸ್ಥೆಯೊಂದು ತನ್ನ ತಪ್ಪನ್ನು ಒಪ್ಪಲಾರದೆ ಹೊಸ ತಪ್ಪುಗಳಿಂದ ಅದನ್ನು ಕಾಯುವ ಪರಿ ಇದು. ಎಲ್ಲರಿಂದಲೂ ಒಪ್ಪಿಗೆ ಬೇಡುವ ನ್ಯಾಯಾಲಯ ತಾನೊಂದು ಮಾತ್ರ ಏನನ್ನೂ ಒಪ್ಪಿಕೊಳ್ಳುವುದಿಲ್ಲ. ಡ್ಯಾನ್‌ಫೋರ್ತ್‌ನ ಕೇಡನ್ನು ತಾನು ಮೆದುವಾಗಿಸಿದ್ದು ತಪ್ಪಾಯಿತು, ಇನ್ನೂ ಗಾಢವಾಗಿ ಬರೆಯಬೇಕಿತ್ತು ಎಂದು ಮಿಲ್ಲರ್ 1957ರ ನಾಟಕ ಸಂಪುಟದ ಪ್ರಸ್ತಾವನೆಯಲ್ಲಿ ಹೇಳಿದ್ದಾನೆ. ಈ ವಿಷಯದಲ್ಲಿ ನಾಟಕವೇ ನಾಟಕಕಾರನಿಗಿಂತ ಸರಿ. ಡ್ಯಾನ್‌ಫೋರ್ತ್‌ನನ್ನು ಖಳನಾಗಿ ಆಡಿದರೆ ಪ್ರೇಕ್ಷಕರು ಅವನಿಂದ ಸುಲಭವಾಗಿ ದೂರ ಸರಿಯುತ್ತಾರೆ. ಪ್ರಾಮಾಣಿಕನಾಗಿ ಆಡಿದಾಗಲೇ ಅವನು ಭಯಂಕರ.

ಊರಿನ ಸಣ್ಣತನವನ್ನು ಹೊತ್ತವರು ಪ್ಯಾರಿಸ್ ಮತ್ತು ಪುಟ್ನಂ. ಪಾದ್ರಿಗೆ ಸಂಬಳ, ಸೌದೆ, ಮನೆಯ ಹಕ್ಕುಪತ್ರದ ಚಿಂತೆ. ಪುಟ್ನಂಗೆ ನೆರೆಯವರ ಭೂಮಿಯ ಮೇಲೆ ಕಣ್ಣು; ಶಿಕ್ಷೆಗೊಳಗಾದವನ ಜಮೀನು ಹರಾಜಿಗೆ ಬಂದರೆ ಕೊಳ್ಳುವ ತಾಕತ್ತು ಅವನೊಬ್ಬನಿಗೇ ಇದೆ ಎಂದು ಗೈಲ್ಸ್ ಕೋರಿ ದೂರುತ್ತಾನೆ. ಏಳು ಕೂಸುಗಳನ್ನು ಮಣ್ಣು ಮಾಡಿದ ಪುಟ್ನಂನ ಹೆಂಡತಿ ಆನ್‌ಳದು ಬೇರೆ ಬಗೆ. ದುಃಖಕ್ಕೆ ಕಾರಣ ಹುಡುಕುತ್ತಾ ಅವಳು ಅನೇಕ ಮಕ್ಕಳ, ಮೊಮ್ಮಕ್ಕಳ ಭಾಗ್ಯವಂತೆ ರೆಬೆಕಾಳ ಕಡೆ ತಿರುಗುತ್ತಾಳೆ. ಬೇಲಿಯ ಜಗಳ, ಹೊಟ್ಟೆಕಿಚ್ಚು, ಪುತ್ರಶೋಕ ಎಲ್ಲಕ್ಕೂ ಒಂದೇ ದಿನ ದೇವರ ಮುದ್ರೆ ಬೀಳುತ್ತದೆ. ಪಾಪವನ್ನೂ ಅಪರಾಧವನ್ನೂ ಒಂದೇ ಎಂದು ಕಾಣುವ ಪ್ಯೂರಿಟನ್ ಆಡಳಿತದಲ್ಲಿ ಖಾಸಗಿ ಹಗೆ ಸಾರ್ವಜನಿಕ ಧರ್ಮವಾಗಲು ಹೆಚ್ಚು ಹೊತ್ತು ಬೇಕಿಲ್ಲ.

ವ್ಯವಹಾರವನ್ನೇ ನಿರಾಕರಿಸಿದವರು ಇಬ್ಬರು. ಹಾಸಿಗೆಯಿಂದ ಏಳಿಸಿ ತಂದ ಮುದುಕಿ ರೆಬೆಕಾ ನರ್ಸ್‌ಗೆ ಅದು ಪ್ರಶ್ನೆಯೇ ಅಲ್ಲ. ಸುಳ್ಳು ಹೇಳಿದರೆ ದೇವರಿಗೆ ದ್ರೋಹ, ಅಷ್ಟೆ. ಗೈಲ್ಸ್ ಕೋರಿ, ಹೆಂಡತಿ ರಾತ್ರಿ ಏನು ಓದುತ್ತಾಳೆಂದು ಕುತೂಹಲಕ್ಕೆ ಕೇಳಿ ಅವಳನ್ನು ಅಪಾಯಕ್ಕೆ ತಳ್ಳಿದವನು, ಆರೋಪಕ್ಕೆ ಹೌದೆಂದೂ ಇಲ್ಲವೆಂದೂ ಹೇಳದೆ ಕಲ್ಲುಗಳಡಿ ಸಾಯುತ್ತಾನೆ. ಉತ್ತರ ಕೊಡದಿದ್ದುದರಿಂದ ಜಮೀನು ಮಕ್ಕಳಿಗೆ ಉಳಿಯುತ್ತದೆ. ಪ್ರಾಕ್ಟರ್ ಇವರಷ್ಟು ನಿರ್ಮಲನಲ್ಲ. ತಾನು ಈಗಾಗಲೇ ಕೆಟ್ಟವನು, ಸಂತರಂತೆ ಗಲ್ಲಿಗೇರುವುದು ತನಗೆ ನಟನೆ ಎಂದೇ ಅವನು ಕಾಗದ ಹರಿಯುವವರೆಗೂ ನಂಬಿದ್ದು. ಆದ್ದರಿಂದ ಅವನ ನಿರ್ಧಾರಕ್ಕೆ ಬೆಲೆ ಹೆಚ್ಚು.

ನಾಟಕದ ರೂಪಕ ಸರಿಹೊಂದುವುದಿಲ್ಲ, ಮಾಟಗಾತಿಯರು ಇರಲಿಲ್ಲ, ಕಮ್ಯುನಿಸ್ಟರು ಇದ್ದರು ಎಂಬ ಟೀಕೆ ಆರಂಭದಿಂದಲೂ ಇದೆ. 1692ರ ಜನಕ್ಕೆ ಮಾಟಗಾತಿಯರೂ ಅಷ್ಟೇ ನಿಜವಾಗಿದ್ದರು ಎಂದು ಮಿಲ್ಲರ್ ಉತ್ತರಿಸಿದ. ಇದಕ್ಕಿಂತ ಬಲವಾದ ಉತ್ತರ ನಾಟಕದಲ್ಲೇ ಇದೆ: ಅದು ಪರೀಕ್ಷಿಸುವುದು ಆರೋಪದ ನಿಜವನ್ನಲ್ಲ, ಆರೋಪ ಸಾಬೀತಾಗುವ ವಿಧಾನವನ್ನು. ಇತಿಹಾಸಕಾರರ ತಕರಾರು ಬೇರೆ. ಪಾಲ್ ಬಾಯರ್ ಮತ್ತು ಸ್ಟೀಫನ್ ನಿಸ್ಸೆನ್‌ಬಾಮ್ 1974ರಲ್ಲಿ ಊರಿನ ಆರ್ಥಿಕ ಬಣಗಳನ್ನು, ಮೇರಿ ಬೆತ್ ನಾರ್ಟನ್ 2002ರಲ್ಲಿ ಗಡಿಯ ಮೂಲನಿವಾಸಿಗಳೊಂದಿಗಿನ ಯುದ್ಧದ ಭೀತಿಯನ್ನು ಮುಂದಿಟ್ಟರು. ಹತಾಶ ಪ್ರೇಮವೊಂದರಿಂದ ಸೇಲಂ ಹೊತ್ತಿಕೊಂಡಿತೆಂದು ನಂಬುವ ಓದುಗರು ಇವುಗಳನ್ನು ಓದಬೇಕು. ನಾಟಕ ಚರಿತ್ರೆಯಲ್ಲ ಎಂದು ಮುದ್ರಿತ ಪಠ್ಯದ ಆರಂಭದಲ್ಲಿ ಮಿಲ್ಲರ್ ತಾನೇ ಸೂಚಿಸಿದ್ದಾನೆ.

ಮೊದಲ ಪ್ರಯೋಗಕ್ಕೆ ಟೋನಿ ಪ್ರಶಸ್ತಿ ಬಂದರೂ ಅದು 200 ಪ್ರದರ್ಶನಗಳನ್ನು ಮುಟ್ಟಲಿಲ್ಲ. ಭಯದ ವಾತಾವರಣ ತಿಳಿಯಾದ ಮೇಲೆ, 1958ರ ಮರುಪ್ರಯೋಗ ದೀರ್ಘಕಾಲ ನಡೆಯಿತು. ಸಾರ್ತ್ರ್ ಚಿತ್ರಕಥೆ ಬರೆದ ಫ್ರೆಂಚ್ ಚಲನಚಿತ್ರ 1957ರಲ್ಲಿ, ಮಿಲ್ಲರ್‌ನದೇ ಚಿತ್ರಕಥೆಯ, ಡೇನಿಯಲ್ ಡೇ-ಲೂಯಿಸ್ ನಟಿಸಿದ ಇಂಗ್ಲಿಷ್ ಚಿತ್ರ 1996ರಲ್ಲಿ ಬಂದವು. ನಡುವೆ 1956ರ ಜೂನ್‌ನಲ್ಲಿ ಅದೇ ಸಮಿತಿ ಮಿಲ್ಲರ್‌ನನ್ನು ಕರೆಸಿತು. ತನ್ನ ಬಗ್ಗೆ ಎಲ್ಲವನ್ನೂ ಹೇಳಿದ ಅವನು ಇತರರ ಹೆಸರು ಹೇಳಲಿಲ್ಲ. ಸಂಸತ್ತಿನ ನಿಂದನೆಗಾಗಿ 1957ರಲ್ಲಿ ಶಿಕ್ಷೆಯಾಯಿತು. 1958ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು.

ಸೇಲಂನಲ್ಲಿ ಅಪರಾಧಿಗಳೆನಿಸಿದವರಲ್ಲಿ ಹಲವರ ಮೇಲಿನ ಕಳಂಕವನ್ನು ಮ್ಯಾಸಚೂಸೆಟ್ಸ್ ಸರ್ಕಾರ 1711ರಲ್ಲಿ ಕಾನೂನಿನ ಮೂಲಕ ತೊಡೆಯಿತು. ಜಾನ್ ಪ್ರಾಕ್ಟರ್‌ನ ಹೆಸರು ಆ ಪಟ್ಟಿಯಲ್ಲಿತ್ತು. ಅವನ ಕುಟುಂಬಕ್ಕೆ 150 ಪೌಂಡ್ ಪರಿಹಾರ ಸಿಕ್ಕಿತು. ಪಟ್ಟಿಯಿಂದ ಬಿಟ್ಟುಹೋದವರ ಹೆಸರುಗಳು ತೆರವಾಗಲು ಶತಮಾನಗಳೇ ಹಿಡಿದವು. ಕೊನೆಯದಾಗಿ ಉಳಿದಿದ್ದ ಎಲಿಜಬೆತ್ ಜಾನ್ಸನ್ ಜೂನಿಯರ್‌ಳ ಹೆಸರನ್ನು ಅಲ್ಲಿನ ಶಾಸನಸಭೆ 2022ರಲ್ಲಿ ದೋಷಮುಕ್ತಗೊಳಿಸಿತು.